ಪಾಳುಬಿದ್ದ ಕಲ್ಲುಗಣಿಗಳ ಪುನರುಪಯೋಗವೂ ಲೇಸರ್ ಅಳತೆಯೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಸೀಮೆಯು ರೇಷ್ಮೆಗೂ ರಾಗಿಗೂ ಮಾವಿಗೂ ಹೇಗೆ ಹೆಸರಾಗಿರುವುದೋ ಹಾಗೆಯೇ ಕಲ್ಲಿಗೂ ಹೆಸರಾಗಿರುವುದು. 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರನ್ನು ಪಡೆದ ಈ ಸೀಮೆಯಲ್ಲಿ ಉತ್ತರ ದಕ್ಷಿಣವಾಗಿ ಹಾದುಹೋಗುವ ಬೆಣಚುಕಲ್ಲಿನ ಪಟ್ಟಿಗೆ ಭೂಶಾಸ್ತ್ರಜ್ಞರು ಕ್ಲೋಸ್‌ಪೇಟೆ ಗ್ರಾನೈಟು ಎಂದು ಹೆಸರಿಟ್ಟಿರುತ್ತಾರೆ. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆಯೆಂಬ ಹೆಸರೇ ಕಲ್ಲಿಗೂ ಉಳಿದುಬಂದಿದೆ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲೆಯಿಂದಲೇ ಸಾವನದುರ್ಗವೂ ರಾಮದೇವರ ಬೆಟ್ಟವೂ ಆಗಿರುವುವು. ಮಾಗಡಿ ಕಡೆಯ ಗುಲಾಬಿ ಛಾಯೆಯ ಕಲ್ಲು 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಅಲಂಕಾರಕ್ಕೆ ಒದಗಿತು.

ಕಲ್ಲು ಹೋಯಿತು, ಹೊಂಡ ಉಳಿಯಿತು. ಹಿಂದಿನ ಕಲ್ಲುಕುಟಿಗರು ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಪದರವನ್ನು ಎಬ್ಬಿಸಿ, ಉಳಿ ಬೆಣೆಗಳಿಂದ ಚಪ್ಪಡಿಗಳನ್ನು ಸೀಳುತ್ತಿದ್ದರು. ಆ ಕೆಲಸದಿಂದ ಬಂಡೆಯ ಮೈ ಸವೆಯುತ್ತಿತ್ತೇ ಹೊರತು ಆಳವಾದ ಹಳ್ಳ ಬೀಳುತ್ತಿರಲಿಲ್ಲ. ಯಂತ್ರಗಳೂ ಸಿಡಿಮದ್ದೂ ಬಂದ ಮೇಲೆ ಕ್ವಾರಿಗಳು ನೆಲದೊಳಕ್ಕೆ ಇಳಿದುವು. ಗುತ್ತಿಗೆಯ ಅವಧಿ ತೀರಿದ ಕಡೆಗಳಲ್ಲಿ ಕೆಲಸ ನಿಂತು, ಮಳೆಯ ನೀರು ತುಂಬಿ, ಸುತ್ತಲೂ ಲಾಂಟಾನದ ಪೊದೆ ಬೆಳೆದು, ದನಕರುಗಳಿಗೂ ಮಕ್ಕಳಿಗೂ ಅಪಾಯಕರವಾದ ಹೊಂಡಗಳು ಉಳಿಯುವುದುಂಟು.

ಕೊಳವೆಬಾವಿಗಳು ವರ್ಷ ವರ್ಷವೂ ಆಳಕ್ಕಿಳಿಯುತ್ತಿರುವ ಊರಿನಲ್ಲಿ, ಕಣ್ಣೆದುರಿಗೆ ಇಷ್ಟು ದೊಡ್ಡ ಹೊಂಡವಿರುವಾಗ ಅದನ್ನು ಕೆರೆಯಂತೆ ಉಪಯೋಗಿಸಬಾರದೇಕೆ ಎಂಬ ಪ್ರಶ್ನೆ ಗ್ರಾಮಸ್ಥರಲ್ಲಿ ಹುಟ್ಟುವುದು ಸಹಜ. ಪ್ರಶ್ನೆಯು ಯೋಗ್ಯವಾದುದೇ. ಆದರೆ ಹೊಂಡದ ಗಾತ್ರವನ್ನು ನೋಡಿ ನೀರಿನ ಪ್ರಮಾಣವನ್ನು ಊಹಿಸುವುದು ಮಡಕೆಯನ್ನು ನೋಡಿ ಅನ್ನದ ಲೆಕ್ಕ ಹಾಕಿದಂತೆಯೇ ಸರಿ. ಪಂಪುಸೆಟ್ಟಿಗೂ ಕೊಳಾಯಿಗೂ ಹಣ ಹಾಕುವುದಕ್ಕೆ ಮೊದಲು ನಾಲ್ಕು ಸಂಗತಿಗಳನ್ನು ತಿಳಿಯತಕ್ಕದ್ದು. ಹೊಂಡವು ಎಷ್ಟು ನೀರನ್ನು ಹಿಡಿಯುವುದು? ಅದಕ್ಕೆ ಎಷ್ಟು ನೀರು ಬರುವುದು? ಬಂದ ನೀರು ಎಷ್ಟು ನಿಲ್ಲುವುದು? ಸುತ್ತಲಿನ ಕಲ್ಲಿನ ಗೋಡೆಗಳು ಭದ್ರವಾಗಿರುವುವೇ? ಇವುಗಳಿಗೆ ಉತ್ತರ ಹುಡುಕುವುದರಲ್ಲಿ ಲೇಸರ್ ಅಳತೆಯು ಬಹಳ ಸಹಾಯ ಮಾಡುತ್ತದೆ. ಅದು ಎಲ್ಲಿಯವರೆಗೆ ನಂಬತಕ್ಕದ್ದು, ಎಲ್ಲಿ ಹಗ್ಗ ಕೋಲುಗಳ ಹಳೆಯ ಕ್ರಮವೇ ಬೇಕಾಗುವುದು ಎಂಬುದನ್ನು ಮುಂದೆ ವಿವರಿಸಿದೆ.

ಅಳತೆಯ ಕ್ರಮ

ಲೇಸರ್ ಎಂಬುದು ಚದರಿಹೋಗದೆ ಒಂದೇ ನೇರದಲ್ಲಿ ಸಾಗುವ ಬೆಳಕಿನ ಕಿರಣ. 1960ರಲ್ಲಿ ಅದನ್ನು ಮೊದಲು ಸಾಧಿಸಲಾಯಿತು. 1971ರಲ್ಲಿ ಚಂದ್ರನನ್ನು ಸುತ್ತಿದ ಅಪೊಲೊ 15 ನೌಕೆಯಿಂದ ಅಲ್ಲಿಯ ನೆಲದ ಏರುತಗ್ಗುಗಳನ್ನು ಇದೇ ಬೆಳಕಿನಿಂದ ಅಳೆದರು. ಬಾವಿಯೊಳಕ್ಕೆ ಕೂಗಿದ ದನಿ ಹಿಂದಿರುಗುವುದಕ್ಕೆ ಹಿಡಿಯುವ ಕಾಲದಿಂದ ಬಾವಿಯ ಆಳವನ್ನು ಊಹಿಸುವಂತೆಯೇ ಇಲ್ಲಿಯ ತತ್ತ್ವವೂ ಇದೆ. ಯಂತ್ರವು ಬೆಳಕಿನ ಒಂದು ಮಿಡಿತವನ್ನು ಕಳುಹಿಸುತ್ತದೆ. ಅದು ಬಂಡೆಗೆ ತಗಲಿ ಹಿಂದಕ್ಕೆ ಬರುತ್ತದೆ. ಹೋಗಿಬಂದ ಕಾಲದಲ್ಲಿ ಅರ್ಧವನ್ನು ತೆಗೆದುಕೊಂಡು ಬೆಳಕಿನ ವೇಗದಿಂದ ಗುಣಿಸಿದರೆ ದೂರವು ತಿಳಿಯುತ್ತದೆ. ಬೆಳಕು ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರು ಸಾಗುವುದರಿಂದ, 30 ಮೀಟರು ದೂರದ ಬಂಡೆಗೆ ಹೋಗಿಬರಲು ಒಂದು ಸೆಕೆಂಡಿನ 50 ಲಕ್ಷದಲ್ಲೊಂದು ಭಾಗ ಸಾಕು. ಇಂಥ ಮಿಡಿತಗಳನ್ನು ಯಂತ್ರವು ಸೆಕೆಂಡಿಗೆ ಲಕ್ಷಗಟ್ಟಲೆಯಾಗಿ ಕಳುಹಿಸಬಲ್ಲುದು. ಪ್ರತಿಯೊಂದರಿಂದಲೂ ಉದ್ದ, ಅಗಲ, ಎತ್ತರಗಳುಳ್ಳ ಒಂದು ಬಿಂದು ದೊರೆಯುತ್ತದೆ. ಕೋಟಿಗಟ್ಟಲೆ ಬಿಂದುಗಳು ಸೇರಿದಾಗ ಗಣಿಯ ಪೂರ್ಣ ಆಕಾರವೇ ಗಣಕಯಂತ್ರದಲ್ಲಿ ಮೂಡುತ್ತದೆ.

ಯಂತ್ರವನ್ನು ಮುಕ್ಕಾಲಿಯ ಮೇಲಿಟ್ಟು ನೆಲದಿಂದಲೂ ಅಳೆಯಬಹುದು; ಡ್ರೋನಿಗೆ ಕಟ್ಟಿ ಆಕಾಶದಿಂದಲೂ ಅಳೆಯಬಹುದು. ಮೇಲಿನಿಂದ ನೋಡುವ ಯಂತ್ರಕ್ಕೆ ತಳವೂ ಸುತ್ತಲಿನ ಭೂಮಿಯೂ ಚೆನ್ನಾಗಿ ಕಾಣುವುವು. ಕಡಿದಾದ ಗೋಡೆಯೂ ಅದರ ಮುಂಚಾಚಿನ ಅಡಿಭಾಗವೂ ಕಾಣುವುದು ಕಷ್ಟ. ನೆಲದ ಮೇಲಿನ ಯಂತ್ರಕ್ಕೆ ಗೋಡೆಯು ಸ್ಪಷ್ಟವಾಗಿ ಕಾಣುವುದಾದರೂ ಬಂಡೆಗುಂಡುಗಳ ಮರೆಯಲ್ಲಿರುವುದು ಕಾಣದು. ಆದುದರಿಂದ ಆಳವಾದ ಗಣಿಗಳಲ್ಲಿ ಎರಡೂ ಕ್ರಮಗಳನ್ನು ಕೂಡಿಸಿ ಅಳೆಯುವುದು ಉತ್ತಮ.

ಡ್ರೋನುಗಳು ಈ ಜನಗಳಿಗೆ ಹೊಸವಲ್ಲ. 2020ರಲ್ಲಿ ಸ್ವಾಮಿತ್ವ ಯೋಜನೆಯು ಪ್ರಾರಂಭವಾದಾಗ ಮೊದಲು ಸೇರಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಗ್ರಾಮಠಾಣದ ಮನೆಗಳನ್ನು ಗುರುತಿಸಲು ತೆಗೆಯುವುದು ಛಾಯಾಚಿತ್ರಗಳನ್ನು. ಪೊದೆ ಬೆಳೆದ ಜಾಗದಲ್ಲಿ ಛಾಯಾಚಿತ್ರಕ್ಕೆ ಎಲೆಗಳ ಮೇಲ್ಭಾಗ ಮಾತ್ರ ಸಿಕ್ಕುತ್ತದೆ. ಲೇಸರ್ ಮಿಡಿತದಲ್ಲಿಯಾದರೋ ಕೊಂಚ ಭಾಗ ಎಲೆಗೆ ತಗಲಿ ಹಿಂದಿರುಗಿದರೂ ಉಳಿದುದು ಸಂದುಗಳಲ್ಲಿ ನುಸುಳಿ ನೆಲವನ್ನು ಮುಟ್ಟಿ ಬರುವುದುಂಟು. ಕೊನೆಗೆ ಬಂದ ಮಿಡಿತಗಳನ್ನು ಆರಿಸಿ ನೆಲದ ನಿಜವಾದ ಮಟ್ಟವನ್ನು ತಿಳಿಯಬಹುದು. ಪಾಳುಗಣಿಗಳಿಗೆ ಲೇಸರ್ ಹೆಚ್ಚು ಹೊಂದುವುದು ಈ ಗುಣದಿಂದಲೇ.

ಎತ್ತರದ ಲೆಕ್ಕದಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಉಪಗ್ರಹಗಳಿಂದ ಪಡೆಯುವ ಎತ್ತರವು ಸಮುದ್ರಮಟ್ಟದಿಂದ ಎಣಿಸಿದ ಎತ್ತರವಲ್ಲ. ಬೆಂಗಳೂರಿನ ಸುತ್ತಿನಲ್ಲಿ ಎರಡಕ್ಕೂ 80 ಮೀಟರಿಗಿಂತ ಹೆಚ್ಚಿನ ವ್ಯತ್ಯಾಸವುಂಟು. ಗಣಿಯ ಮಟ್ಟವನ್ನು ಹತ್ತಿರದ ಕೆರೆಯ ತೂಬಿನ ಮಟ್ಟದೊಡನೆ ಹೋಲಿಸುವಾಗ ಎರಡನ್ನೂ ಒಂದೇ ಆಧಾರಕ್ಕೆ ತಂದಿರಬೇಕು. ಇಲ್ಲವಾದರೆ ತಾನಾಗಿ ಹರಿಯದ ನೀರು ಕಾಗದದ ಮೇಲೆ ಹರಿದೀತು.

ಹೊಂಡವು ಹಿಡಿಯುವ ನೀರು

ಬಿಂದುಗಳಿಂದ ನೆಲದ ನಕ್ಷೆಯು ಸಿದ್ಧವಾದ ಮೇಲೆ ಒಂದೊಂದು ಮೀಟರು ಎತ್ತರಕ್ಕೂ ನೀರು ಎಷ್ಟು ವಿಸ್ತಾರದಲ್ಲಿ ನಿಲ್ಲುವುದು, ಎಷ್ಟು ಘನ ಮೀಟರು ಆಗುವುದು ಎಂಬ ಪಟ್ಟಿಯನ್ನು ಮಾಡಬಹುದು. ಇಲ್ಲಿ ಮುಖ್ಯವಾದುದು ಅಂಚಿನ ಅತ್ಯಂತ ತಗ್ಗಾದ ಸ್ಥಳ. ಲಾರಿಗಳು ಇಳಿಯುತ್ತಿದ್ದ ದಾರಿಯೇ ಅನೇಕ ವೇಳೆ ಗಣಿಯ ಕೋಡಿಯಾಗಿರುವುದು. ಉಳಿದ ಮೂರು ಕಡೆ ಗೋಡೆ ಎಷ್ಟೇ ಎತ್ತರವಾಗಿದ್ದರೂ ನೀರು ಕೋಡಿಯ ಮಟ್ಟಕ್ಕಿಂತ ಮೇಲೆ ನಿಲ್ಲಲಾರದು.

ನೀರು ತುಂಬಿರುವ ಗಣಿಯಲ್ಲಿ ಲೇಸರ್ ಅಳತೆಗೆ ದೊಡ್ಡ ಕೊರತೆಯುಂಟು. ಸಾಮಾನ್ಯವಾಗಿ ಬಳಸುವ ಕಿರಣವು ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕು. ನೀರು ಅದನ್ನು ಹೀರಿಕೊಳ್ಳುತ್ತದೆ. ನೀರಿನೊಳಕ್ಕೆ ಇಳಿಯಬಲ್ಲ ಹಸುರು ಲೇಸರ್ ಉಂಟಾದರೂ ಅದಕ್ಕೆ ತಿಳಿಯಾದ ನೀರು ಬೇಕು. ಪಾಚಿಗಟ್ಟಿದ ಹೊಂಡದಲ್ಲಿ ಅದೂ ಸೋಲುವುದು. ಅಂಥಲ್ಲಿ ತೆಪ್ಪದ ಮೇಲಿನಿಂದ, ಐದೈದು ಮೀಟರಿಗೊಮ್ಮೆ, ಅಳತೆಯ ಗುರುತುಗಳುಳ್ಳ ಹಗ್ಗಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಆಳವನ್ನು ಬರೆದುಕೊಂಡು ಲೇಸರ್ ನಕ್ಷೆಗೆ ಕೂಡಿಸತಕ್ಕದ್ದು. ದನಿಯ ಅಲೆಗಳಿಂದ ಆಳವನ್ನು ತಿಳಿಸುವ ಯಂತ್ರವಿದ್ದರೆ ಕೆಲಸ ಇನ್ನೂ ಸುಲಭ. ಏಪ್ರಿಲ್ ಮೇ ತಿಂಗಳುಗಳಲ್ಲಿ ಎಲೆ ಉದುರಿ, ನೀರು ಅತ್ಯಂತ ಕೆಳಗಿರುವುದರಿಂದ ಅಳತೆಗೆ ಆ ಕಾಲವೇ ಶ್ರೇಷ್ಠ. ಆದರೂ ತೆಪ್ಪದ ಕೆಲಸವನ್ನು ಈಜು ಬಲ್ಲವರೂ ತೇಲುವ ಉಡುಪು ಧರಿಸಿದವರೂ ಮಾತ್ರ ಮಾಡತಕ್ಕದ್ದು. ಸಡಿಲವಾದ ಗೋಡೆಯ ಬುಡಕ್ಕೆ ಹೋಗಬಾರದು.

ಬರುವ ನೀರೂ ನಿಲ್ಲುವ ನೀರೂ: ಒಂದು ಉದಾಹರಣೆ

ಕೆರೆಗಳನ್ನು ಹಿರಿಯರು ಹಳ್ಳದ ಹಾದಿಯಲ್ಲಿ, ನೀರು ತಾನಾಗಿ ಬರುವ ಕಡೆ ಕಟ್ಟಿದರು. ಚನ್ನಪಟ್ಟಣದ ಬಳಿ 1946ರಲ್ಲಿ ಕಟ್ಟಿದ ಕಣ್ವ ಜಲಾಶಯವೂ ನದಿಯನ್ನು ನಂಬಿಯೇ ನಿಂತಿದೆ. ಕಲ್ಲುಗಣಿಯಾದರೋ ಕಲ್ಲು ಸಿಕ್ಕಿದ ಕಡೆ ತೋಡಿದ ಹೊಂಡ. ಅನೇಕ ವೇಳೆ ದಿಣ್ಣೆಯ ನೆತ್ತಿಯಲ್ಲಿಯೇ ಇರುವುದು. ಆದಕಾರಣ ಅದಕ್ಕೆ ನೀರು ಎಲ್ಲಿಂದ ಬರುವುದೆಂಬುದನ್ನು ಸುತ್ತಲಿನ ಭೂಮಿಯ ಲೇಸರ್ ನಕ್ಷೆಯಿಂದ ಗುರುತಿಸಬೇಕು.

ಕ್ರಮವನ್ನು ತಿಳಿಯುವುದಕ್ಕಾಗಿ ಒಂದು ಕಲ್ಪಿತ ಗಣಿಯ ಲೆಕ್ಕವನ್ನು ನೋಡಬಹುದು. ಗಣಿಯ ಬಾಯಿ 100 ಮೀಟರು ಉದ್ದ, 60 ಮೀಟರು ಅಗಲ. ಆಳ 20 ಮೀಟರು. ಮೂರನ್ನೂ ಗುಣಿಸಿದರೆ 1,20,000 ಘನ ಮೀಟರು. ರಾಗಿಯ ಪೈರಿಗೆ ಮಳೆ ಕೈಕೊಟ್ಟಾಗ ಒಂದು ಸಲ 50 ಮಿಲಿಮೀಟರು ನೀರು ಹಾಯಿಸಲು ಹೆಕ್ಟೇರಿಗೆ 500 ಘನ ಮೀಟರು ಬೇಕು. ಈ ಲೆಕ್ಕದಂತೆ ಸುಮಾರು 590 ಎಕರೆಗೆ ನೀರು ದೊರೆಯುವುದೆಂದು ಹೇಳಿಬಿಡಬಹುದು.

ಲೇಸರ್ ಅಳತೆಯನ್ನು ಮಾಡಿದಾಗ ಗೋಡೆಗಳು ಮೆಟ್ಟಿಲು ಮೆಟ್ಟಿಲಾಗಿವೆಯೆಂದೂ ತಳದಲ್ಲಿ ಕಲ್ಲುಚೂರಿನ ಗುಡ್ಡೆಗಳಿವೆಯೆಂದೂ ಕಂಡು, ಅಂಚಿನವರೆಗಿನ ನಿಜವಾದ ಗಾತ್ರವು 78,000 ಘನ ಮೀಟರು ಎಂದಾಯಿತು. ಲಾರಿಯ ದಾರಿ ಅಂಚಿಗಿಂತ 6 ಮೀಟರು ತಗ್ಗಿನಲ್ಲಿರುವುದರಿಂದ ನೀರು ನಿಲ್ಲತಕ್ಕ ಗಾತ್ರವು 46,000 ಘನ ಮೀಟರಿಗೆ ಇಳಿಯಿತು. ಇನ್ನು ವರ್ಷಕ್ಕೆ 800 ಮಿಲಿಮೀಟರು ಮಳೆಯೆಂದು ಹಿಡಿದು ಜಮಾಖರ್ಚನ್ನು ಬರೆದರೆ ಹೀಗಾಗುವುದು:

ಜಮಾ: ಸುತ್ತಲಿನ 5 ಹೆಕ್ಟೇರು ಭೂಮಿಯಿಂದ, ಮಳೆಯ ನೂರರಲ್ಲಿ 30 ಭಾಗ ಹರಿದುಬಂದರೆ, 12,000 ಘನ ಮೀಟರು.
ಜಮಾ: ಗಣಿಯ ಬಾಯಿಗೆ ನೇರವಾಗಿ ಬೀಳುವ ಮಳೆ, 4,800 ಘನ ಮೀಟರು.
ಖರ್ಚು: 3,000 ಚದರ ಮೀಟರು ನೀರಿನ ಮೈಯಿಂದ ವರ್ಷಕ್ಕೆ 1.5 ಮೀಟರಿನಂತೆ ಆವಿಯಾಗುವುದು, 4,500 ಘನ ಮೀಟರು.
ಉಳಿಕೆ: 12,300 ಘನ ಮೀಟರು.

ಅಂದರೆ 46,000 ಹಿಡಿಯುವ ಹೊಂಡಕ್ಕೆ ಬರುವುದೇ 16,800. ಉಳಿಕೆಯಿಂದ ಸುಮಾರು 60 ಎಕರೆಗೆ ಒಂದು ಸಲ ನೀರು ಹಾಯಿಸಬಹುದು. ಇನ್ನೂ ಒಂದು ಖರ್ಚು ಬಾಕಿಯಿದೆ, ಅದು ಇಂಗುವುದು. ಬಂಡೆಯೇ ಆದರೂ ಅದರ ಸೀಳುಗಳಲ್ಲಿ ನೀರು ಇಳಿಯುತ್ತದೆ. ಇದನ್ನು ಲೇಸರ್ ಹೇಳಲಾರದು. ಹೊಂಡದಲ್ಲಿ ಅಳತೆಯ ಕೋಲನ್ನು ನಿಲ್ಲಿಸಿ, ಮಳೆ ಬಾರದ ದಿನಗಳಲ್ಲಿ ನೀರು ಎಷ್ಟು ಇಳಿಯುವುದೆಂದು ಪ್ರತಿದಿನವೂ ಒಂದೇ ಹೊತ್ತಿನಲ್ಲಿ ಬರೆದಿಡಬೇಕು. ದಿನಕ್ಕೆ 9 ಮಿಲಿಮೀಟರು ಇಳಿದು, ಅದರಲ್ಲಿ 4 ಆವಿಯಾದುದಾದರೆ, ಉಳಿದ 5 ಇಂಗಿದುದೆಂದು ತಿಳಿಯಬೇಕು. ಮೇಲಿನ ಗಣಿಯಲ್ಲಿ ಇದು ವರ್ಷಕ್ಕೆ ಸುಮಾರು 5,500 ಘನ ಮೀಟರು ಆಗುವುದು. ಕೊನೆಗೆ ಉಳಿಯುವ 6,800 ಘನ ಮೀಟರಿನಿಂದ ಸುಮಾರು 33 ಎಕರೆಗೆ ಮಾತ್ರ ನೀರು ದೊರೆಯುವುದು.

ಐನೂರ ತೊಂಬತ್ತು ಎಕರೆಯೆಂದು ಹೊರಟ ಲೆಕ್ಕ ಮೂವತ್ತಮೂರಕ್ಕೆ ನಿಂತಿತು. ಹಾಗೆಂದು ಗಣಿಯು ನಿಷ್ಪ್ರಯೋಜಕವೆಂದು ಅರ್ಥವಲ್ಲ. ಹೂ ಕಟ್ಟುವ ಹೊತ್ತಿನಲ್ಲಿ ಒಂದು ಸಲ ನೀರು ಕಂಡ 33 ಎಕರೆಯ ರಾಗಿ ಅಲಕ್ಷಿಸತಕ್ಕ ವಸ್ತುವಲ್ಲ. ಇಂಗಿದ ನೀರೂ ಪೂರ್ತಿ ನಷ್ಟವಲ್ಲ. ಅದು ಕೆಳಗಿನ ಹೊಲಗಳ ಬಾವಿಗಳಲ್ಲಿ ಕಾಣಿಸಿಕೊಳ್ಳಬಹುದು. ನೀರು ಬೇಗ ಇಂಗುವ ಗಣಿಯನ್ನು ಶೇಖರಣೆಗಿಂತಲೂ ಅಂತರ್ಜಲವನ್ನು ಹೆಚ್ಚಿಸುವುದಕ್ಕೆ ಬಳಸುವುದೇ ಮೇಲು. ಆದರೆ 33 ಎಕರೆಗೆ ತಕ್ಕ ಪಂಪುಸೆಟ್ಟಿಗೆ ಹಾಕತಕ್ಕ ಹಣವೇ ಬೇರೆ, 590 ಎಕರೆಗೆ ತಕ್ಕುದೇ ಬೇರೆ. ಅಳತೆಯ ಪ್ರಯೋಜನವಿರುವುದು ಇಲ್ಲಿ.

ಗಣಿಗೆ ಹೆಚ್ಚು ನೀರು ಬರಲೆಂದು ಕಾಲುವೆ ತೋಡುವ ಆಲೋಚನೆಯೂ ಬರುವುದುಂಟು. ಆಗ ಆ ನೀರು ಈವರೆಗೆ ಎಲ್ಲಿಗೆ ಹೋಗುತ್ತಿದ್ದಿತೆಂಬುದನ್ನು ಅದೇ ನಕ್ಷೆಯಲ್ಲಿ ನೋಡತಕ್ಕದ್ದು. ಕೆಳಗಿನ ಊರಿನ ಕೆರೆಗೆ ಹೋಗುತ್ತಿದ್ದ ಪಾಲನ್ನು ಮೇಲೆಯೇ ತಡೆದರೆ ಒಂದು ಊರಿನ ಲಾಭವು ಇನ್ನೊಂದು ಊರಿನ ನಷ್ಟವಾಗುವುದು.

ಗೋಡೆಗಳ ಭದ್ರತೆ

ಈ ಸೀಮೆಯ ಬೆಣಚುಬಂಡೆಗಳು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುವ ಸ್ವಭಾವವುಳ್ಳವು. ಪದರದ ಸೀಳು ಹೊಂಡದ ಕಡೆಗೆ ಇಳಿಜಾರಾಗಿದ್ದು, ಗಣಿಯ ಕೆಲಸದಿಂದ ಅದರ ಬುಡ ಕಡಿದುಹೋಗಿದ್ದರೆ, ಮಳೆಗಾಲದಲ್ಲಿ ನೀರು ಸೀಳಿನಲ್ಲಿ ನಿಂತು ಮೇಲಿನ ಹಾಸು ಜಾರುವ ಸಂಭವವುಂಟು. ಲೇಸರ್ ಬಿಂದುಗಳಿಂದ ಪ್ರತಿಯೊಂದು ಸೀಳಿನ ದಿಕ್ಕನ್ನೂ ಓಟವನ್ನೂ ಗೋಡೆಯ ಬಳಿ ಹೋಗದೆಯೇ ಅಳೆಯಬಹುದು. ಮಳೆಗಾಲಕ್ಕೆ ಮೊದಲೊಂದು ಸಲ, ಅನಂತರ ಒಂದು ಸಲ ಅಳೆದು ಎರಡನ್ನೂ ಹೋಲಿಸಿದರೆ ಎಲ್ಲಿ ಕಲ್ಲು ಬಿದ್ದಿದೆ, ಎಲ್ಲಿ ಗೋಡೆ ಮುಂದಕ್ಕೆ ಸರಿದಿದೆ ಎಂಬುದು ತಿಳಿಯುವುದು. ಆದರೆ ಸೀಳಿನ ಒಳಗೆ ಎಷ್ಟು ದೂರ ಮಣ್ಣು ತುಂಬಿದೆ, ಬಂಡೆ ಎಷ್ಟು ಶಿಥಿಲವಾಗಿದೆ ಎಂಬುದನ್ನು ಭೂಶಾಸ್ತ್ರಜ್ಞರು ಸ್ಥಳದಲ್ಲಿಯೇ ಪರೀಕ್ಷಿಸಿ ನಿರ್ಣಯಿಸತಕ್ಕದ್ದು.

ಗಟ್ಟಿಯಾದ ನೆಲದಲ್ಲಿ ತೋಡುವ ಗಣಿಯ ಮೆಟ್ಟಿಲು 6 ಮೀಟರಿಗಿಂತ ಎತ್ತರವಾಗಿರಬಾರದೆಂದೂ ಅದರ ಅಗಲವು ಎತ್ತರಕ್ಕಿಂತ ಕಡಿಮೆಯಾಗಿರಬಾರದೆಂದೂ 1961ರ ಗಣಿ ನಿಬಂಧನೆಗಳಲ್ಲಿ ಸಾಮಾನ್ಯ ವಿಧಿಯುಂಟು. ಪಾಳುಗಣಿಯಲ್ಲಿ ಈ ಕ್ರಮವು ಎಲ್ಲೆಲ್ಲಿ ತಪ್ಪಿದೆಯೆಂಬುದು ಲೇಸರ್ ನಕ್ಷೆಯಲ್ಲಿ ಕೂಡಲೇ ಕಾಣುವುದು. ಅಂಥ ಕಡೆ ಬೇಲಿಯನ್ನು ಅಂಚಿನಿಂದ ದೂರದಲ್ಲಿ ಹಾಕಿ, ನೀರೆತ್ತುವ ಸ್ಥಳವನ್ನು ಬೇರೆ ಕಡೆಗೆ ಗೊತ್ತುಮಾಡಬೇಕು. ಬಟ್ಟೆ ಒಗೆಯಲೂ ದನ ಮೈತೊಳೆಯಲೂ ಜನರು ಇಳಿಯುವ ಗಣಿಯಲ್ಲಿ ಈ ಕೆಲಸವೇ ಎಲ್ಲಕ್ಕಿಂತ ಮೊದಲನೆಯದು. ಕೆರೆಯ ದಡದಂತೆ ಗಣಿಯ ಅಂಚು ಮೆಲ್ಲಗೆ ಇಳಿಯದು; ಒಂದು ಹೆಜ್ಜೆ ತಪ್ಪಿದರೆ ಆಳ.

ಇತರ ಉಪಯೋಗಗಳು

ನೀರು ನಿಲ್ಲದ ಗಣಿಗಳನ್ನು ಬೇರೆ ರೀತಿಯಲ್ಲಿ ಬಳಸಬಹುದು. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಹಳೆಯ ಜೇಡಿಮಣ್ಣಿನ ಗಣಿಯೊಂದರೊಳಗೆ 2001ರಲ್ಲಿ ಈಡನ್ ಎಂಬ ಸಸ್ಯೋದ್ಯಾನವನ್ನು ತೆರೆದರು. ನಮ್ಮ ಸೀಮೆಯಲ್ಲಿ ಕಲ್ಲುಚೂರಿನ ಗುಡ್ಡೆಗಳನ್ನು ತಟ್ಟುಮಾಡಿ, ತೆಗೆದುಹಾಕಿದ್ದ ಮೇಲ್ಮಣ್ಣನ್ನು ಮತ್ತೆ ಹರಡಿ ಹೊಂಗೆ, ಬೇವುಗಳನ್ನು ಹಾಕುವುದು ಸುಲಭವಾದ ದಾರಿ. ಎಷ್ಟು ಮಣ್ಣು ಎಲ್ಲಿದೆ, ಎಲ್ಲಿಗೆ ಸಾಗಿಸಬೇಕು ಎಂಬ ಲೆಕ್ಕವೂ ಅದೇ ಅಳತೆಯಿಂದ ಸಿಕ್ಕುತ್ತದೆ.

ಕಸವನ್ನು ತುಂಬುವ ವಿಷಯದಲ್ಲಿ ಮಾತ್ರ ಬಹಳ ಎಚ್ಚರಿಕೆ ಬೇಕು. ಬೆಂಗಳೂರಿನ ಉತ್ತರದ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಹಳೆಯ ಕಲ್ಲುಗಣಿಗಳಲ್ಲಿ ನಗರದ ಕಸವನ್ನು ತುಂಬಿರುವುದು ತಿಳಿದ ಸಂಗತಿಯೇ. ಲೇಸರ್ ನಕ್ಷೆಯು ಎಷ್ಟು ಕಸ ಹಿಡಿಯುವುದೆಂದು ಹೇಳೀತು. ಕಸದ ರಸವು ಬಂಡೆಯ ಯಾವ ಸೀಳಿನಿಂದ ಯಾರ ಬಾವಿಗೆ ಇಳಿಯುವುದೆಂದು ಹೇಳಲಾರದು. ನೀರು ಇಂಗುವ ಗಣಿಯಲ್ಲಿ ಕಸವೂ ಕೊಳಚೆಯೂ ಸೇರದಂತೆ ನೋಡಿಕೊಳ್ಳುವುದು ಅಗತ್ಯ.

ಗಣಿ ಬಹುಕಾಲ ಪಾಳುಬಿದ್ದಿದ್ದರೆ ಗೋಡೆಯ ಸಂದುಗಳಲ್ಲಿ ಹಕ್ಕಿಗಳು ನೆಲೆಸಿರುವುದುಂಟು. ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವುದು ಇಂಥ ಕಡಿಬಂಡೆಗಳಲ್ಲಿಯೇ. ರಾಮದೇವರ ಬೆಟ್ಟದಲ್ಲಿ 2012ರಲ್ಲಿ ಅವುಗಳಿಗಾಗಿಯೇ ಧಾಮವನ್ನು ಸ್ಥಾಪಿಸಲಾಯಿತು. ಆ ಸುತ್ತಿನಲ್ಲಿ ಡ್ರೋನ್ ಹಾರಿಸುವುದಕ್ಕೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳತಕ್ಕದ್ದು.

ಗ್ರಾಮಸ್ಥರು ಮಾಡತಕ್ಕ ಕೆಲಸ

ಮೊದಲನೆಯದಾಗಿ, ಗಣಿಯಿರುವ ಭೂಮಿಯು ಗೋಮಾಳವೋ ಖಾಸಗಿ ಹಿಡುವಳಿಯೋ ಅರಣ್ಯವೋ ಎಂಬುದನ್ನು ಪಹಣಿಯಿಂದ ತಿಳಿದು, ಗುತ್ತಿಗೆಯು ನಿಜವಾಗಿ ಮುಗಿದಿದೆಯೇ ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ವಿಚಾರಿಸಬೇಕು. ಗುತ್ತಿಗೆದಾರರು ಮಾಡಬೇಕಾದ ಮುಚ್ಚುವ ಕೆಲಸವೇನಾದರೂ ಬಾಕಿಯಿದ್ದರೆ ಅದನ್ನು ಪಂಚಾಯಿತಿಯ ಖರ್ಚಿನಲ್ಲಿ ಮಾಡುವುದು ಸರಿಯಲ್ಲ.

ಎರಡನೆಯದಾಗಿ, ಒಂದು ಮಳೆಗಾಲವೂ ಒಂದು ಬೇಸಗೆಯೂ ನೀರಿನ ಮಟ್ಟವನ್ನು ಬರೆದಿಡಬೇಕು. ಇದಕ್ಕೆ ಬೇಕಾದುದು ಗುರುತು ಹಾಕಿದ ಕೋಲು, ಒಂದು ಪುಸ್ತಕ, ತಪ್ಪದೆ ಬರೆಯುವ ಒಬ್ಬ ಮನುಷ್ಯ ಇಷ್ಟೇ. ಕೋಲನ್ನು ಭದ್ರವಾದ ದಡದಿಂದ ಓದಲು ಬರುವ ಕಡೆ ನಿಲ್ಲಿಸತಕ್ಕದ್ದು.

ಮೂರನೆಯದಾಗಿ, ನೀರನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಬೆಳೆಗೂ ದನಗಳಿಗೂ ಯೋಗ್ಯವೇ ಎಂದು ತಿಳಿಯಬೇಕು.

ನಾಲ್ಕನೆಯದಾಗಿ, ಇವೆಲ್ಲವೂ ಅನುಕೂಲವಾಗಿ ಕಂಡಮೇಲೆ ಲೇಸರ್ ಅಳತೆಯನ್ನು ಮಾಡಿಸಬೇಕು. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳಂತೆ ಆ ಸ್ಥಳವು ಯಾವ ವಲಯದಲ್ಲಿದೆಯೆಂದು ನೋಡಿ, ಬೇಕಾದ ಅನುಮತಿಯನ್ನು ಪಡೆದಿರತಕ್ಕದ್ದು. ಗಣಿಗಾರಿಕೆಯಿಂದ ತೊಂದರೆಗೊಳಗಾದ ಊರುಗಳ ಹಿತಕ್ಕಾಗಿ 2015ರ ಕಾನೂನಿನ ತಿದ್ದುಪಡಿಯಂತೆ ಏರ್ಪಟ್ಟ ಜಿಲ್ಲಾ ಖನಿಜ ಪ್ರತಿಷ್ಠಾನದಿಂದ ಇಂಥ ಕೆಲಸಕ್ಕೆ ನೆರವು ದೊರೆಯಬಹುದೇ ಎಂದು ಪಂಚಾಯಿತಿಯವರು ವಿಚಾರಿಸಬಹುದು.

ಅಳತೆಗೆ ಮೊದಲು ಕೋಲೂ ಪುಸ್ತಕವೂ ಏಕೆಂದರೆ, ಬೇಸಗೆಯಲ್ಲಿ ತಾನಾಗಿಯೇ ಬತ್ತಿಹೋಗುವ ಹೊಂಡವನ್ನು ಕೋಟಿ ಬಿಂದುಗಳಿಂದ ಅಳೆದರೂ ಅದು ಕೆರೆಯಾಗದು. ಬತ್ತದೆ ನಿಂತ ಹೊಂಡವನ್ನಾದರೋ ಸರಿಯಾಗಿ ಅಳೆದು, ಗೋಡೆಗಳನ್ನು ಭದ್ರಪಡಿಸಿ, ಬರುವ ನೀರಿಗೆ ತಕ್ಕಷ್ಟೇ ಬೆಳೆಯನ್ನು ಗೊತ್ತುಮಾಡಿಕೊಂಡರೆ, ಕಲ್ಲು ಹೋದ ಜಾಗದಲ್ಲಿ ಊರಿಗೆ ನೀರಾದರೂ ಉಳಿಯುವುದು.